ಇಟ್ಟಿಗೆ ಮನೆಯ ಮೂರನೆಯ ಕಮಾನು

ಪುತ್ತೂರಿನ ಹತ್ತಿರದ ಸವಣೂರಿನ ಬೋಜಪ್ಪ ಮೇಸ್ತ್ರಿಗೆ ನಲವತ್ತೇಳು ವರ್ಷ ತುಂಬುವ ತನಕವೂ ಇಟ್ಟಿಗೆಯೆಂದರೆ ತಾತ್ಸಾರವಿತ್ತು. ಅವನ ಅಪ್ಪ ಕೋರೆಯಲ್ಲಿ ಕೆಂಪು ಮುರಕಲ್ಲು ಕಡಿಯುತ್ತಿದ್ದವನು. ಬೋಜಪ್ಪ ಹದಿನಾಲ್ಕನೆಯ ವಯಸ್ಸಿಗೆ ಕೋರೆಯಿಂದ ಮೇಲೆ ಬಂದು, ಕಡಿದ ಕಲ್ಲನ್ನು ಕೆತ್ತಿ ಗೋಡೆ ಏರಿಸುವುದನ್ನು ಕಲಿತ. ಬಾವಿಯ ಕಟ್ಟೆ, ಹಟ್ಟಿ, ಶಾಲೆ, ದೇವಸ್ಥಾನದ ಪೌಳಿ, ಹೀಗೆ ಪುತ್ತೂರಿನಿಂದ ಸುಳ್ಯದವರೆಗೆ ಅವನ ಕೈ ತಾಗಿದ ಗೋಡೆಗಳು ಬೇಕಾದಷ್ಟಿದ್ದವು. ಮುರಕಲ್ಲು ಭಾರದ ಕಲ್ಲು, ಇಟ್ಟಲ್ಲಿ ಕೂತುಕೊಳ್ಳುತ್ತದೆ, ಮಳೆ ಬಿಸಿಲು ತಿಂದಷ್ಟೂ ಗಟ್ಟಿಯಾಗುತ್ತದೆ. ಬಾಗಿಲಿನ ಮೇಲೆ ಒಂದು ಹಲಸಿನ ತೊಲೆ ಅಡ್ಡ ಹಾಕಿದರೆ ಮುಗಿಯಿತು. ಕಮಾನು ಗಿಮಾನು ಅವನಿಗೆ ಬೇಕಾಗಿಯೇ ಇರಲಿಲ್ಲ. ಇಟ್ಟಿಗೆಯನ್ನು ಅವನು ಸುಟ್ಟ ಮಣ್ಣು ಎಂದೇ ಕರೆಯುತ್ತಿದ್ದ.

ಅಂಥವನನ್ನು ಇಟ್ಟಿಗೆ ಮನೆಯ ಕೆಲಸಕ್ಕೆ ಕರೆದದ್ದು ಕಟ್ಟುವುದಕ್ಕಲ್ಲ, ಕೆಡವುವುದಕ್ಕೆ.

ಪುತ್ತೂರಿನಲ್ಲಿ ಕೋರ್ಟಿನ ಹಿಂದಿನ ಗುಡ್ಡೆಯ ಮೇಲೆ ವಕೀಲರು, ಮೇಷ್ಟ್ರುಗಳು, ಗುಮಾಸ್ತರು ಮನೆ ಮಾಡಿಕೊಂಡಿದ್ದ ಒಂದು ಕೇರಿ ಇತ್ತು. ಎಲ್ಲ ಮನೆಗಳೂ ಮುರಕಲ್ಲಿನವು, ಸುಣ್ಣ ಬಳಿದವು. ನಡುವೆ ಇದೊಂದೇ ಇಟ್ಟಿಗೆಯದು. ಅದನ್ನು ಕಟ್ಟಿಸಿದ್ದು ಮಹೇಶ್ವರಯ್ಯ ಎಂಬ ಶಿರಸ್ತೇದಾರರು, ಈ ಕಥೆಗೆ ಅರುವತ್ತು ವರ್ಷ ಮೊದಲು. ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಯ ಬಂಗಲೆಗಳನ್ನು ನೋಡಿ ಅವರಿಗೆ ಆಸೆ ಹುಟ್ಟಿತಂತೆ. ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯಿಂದ ಇಟ್ಟಿಗೆಯನ್ನು ದೋಣಿಯಲ್ಲಿ ಪಾಣೆಮಂಗಳೂರಿಗೆ, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಪುತ್ತೂರಿಗೆ ತರಿಸಿದ್ದರು. ಕಟ್ಟಿದವನು ಎಲ್ಲಿಯವನು, ಯಾವ ಜಾತಿಯವನು ಎಂಬುದು ಮನೆಯವರಿಗೂ ನೆನಪಿರಲಿಲ್ಲ.

ಎರಡು ಅಂತಸ್ತಿನ ಮನೆ. ಎದುರಿಗೆ ಉದ್ದಕ್ಕೆ ಜಗಲಿ, ಜಗಲಿಗೆ ಅರ್ಧ ಚಂದ್ರದಂಥ ಐದು ಕಮಾನು. ಎರಡು ತುದಿಗಳಲ್ಲಿ ಮಾತ್ರ ಆನೆಕಾಲಿನಂಥ ದಪ್ಪ ಕಂಬ, ನಡುವಿನ ನಾಲ್ಕೂ ತೆಳುವಾದವು. ಕಮಾನುಗಳ ಮೇಲೆಯೇ ಮಾಳಿಗೆಯ ಎದುರು ಗೋಡೆ ನಿಂತಿತ್ತು. ಹೊರಗೆ ಗಾರೆ ಬಳಿದಿರಲಿಲ್ಲ. ಒಂದು ಸಾಲಿನಲ್ಲಿ ಇಟ್ಟಿಗೆಯ ಉದ್ದ ಕಾಣಿಸಿದರೆ ಅದರ ಮೇಲಿನ ಸಾಲಿನಲ್ಲಿ ಬರೀ ತಲೆಗಳು, ಮತ್ತೆ ಉದ್ದ, ಮತ್ತೆ ತಲೆ. ಮಾಡಿನ ಕೆಳಗೆ ಗಾಳಿಗೆಂದು ತಟ್ಟೆಯಷ್ಟು ಅಗಲದ ದುಂಡನೆಯ ಕಂಡಿಗಳು. ಮಧ್ಯಾಹ್ನದ ಬಿಸಿಲಿನಲ್ಲಿಯೂ ಒಳಗೆ ತಂಪು.

ಶಿರಸ್ತೇದಾರರ ಇಬ್ಬರು ಮೊಮ್ಮಕ್ಕಳು 1957ರಲ್ಲಿ ಪಾಲಾದರು. ಅಣ್ಣ ಮಹಾಗಣಪತಿ ವಕೀಲ. ತಮ್ಮ ಯಜ್ಞೇಶ್ವರ ಪೇಟೆಯಲ್ಲಿ ಸೈಕಲ್ ಮತ್ತು ಹೊಲಿಗೆ ಯಂತ್ರದ ಅಂಗಡಿ ಇಟ್ಟಿದ್ದ. ಪಾಲಿನ ಗೆರೆ ಮನೆಯ ಒಳಗೇ ಹಾದು ಹೋಯಿತು: ಉತ್ತರದ ಮೂರು ಕಮಾನುಗಳ ಭಾಗ ಅಣ್ಣನಿಗೆ, ದಕ್ಷಿಣದ ಎರಡು ಕಮಾನು ಮತ್ತು ಪಕ್ಕದ ಖಾಲಿ ಜಾಗ ತಮ್ಮನಿಗೆ. ಒಳಗೆ ಆ ಗೆರೆಯ ಮೇಲೆ ಮೊದಲೇ ಒಂದು ದಪ್ಪ ಗೋಡೆ ಇದ್ದುದರಿಂದ ಮನೆಯನ್ನು ಎರಡಾಗಿ ಕತ್ತರಿಸುವುದು ಸುಲಭ ಎಂದು ಎಲ್ಲರಿಗೂ ಅನಿಸಿತು. ಯಜ್ಞೇಶ್ವರನಿಗೆ ಹಳೆಯದು ಬೇಡವಾಗಿತ್ತು. ತನ್ನ ಭಾಗವನ್ನು ಇಳಿಸಿ, ಅಲ್ಲಿ ಸಿಮೆಂಟಿನ ತಾರಸಿ ಮನೆ ಕಟ್ಟಿಸುವ ಅಂದಾಜು ಅವನದು. ಅಣ್ಣ ತಮ್ಮಂದಿರ ನಡುವೆ ಅಷ್ಟರಲ್ಲಿ ಮಾತು ನಿಂತು ಎಂಟು ತಿಂಗಳಾಗಿತ್ತು.

ದೀಪಾವಳಿ ಕಳೆದ ವಾರ ಬೋಜಪ್ಪ ಐದು ಆಳುಗಳೊಂದಿಗೆ ಬಂದ. ಹಂಚು ಇಳಿಸಿದ, ಅದರ ಕೆಳಗಿನ ಮರದ ಪಕ್ಕಾಸು ಬಿಚ್ಚಿದ, ಮಾಳಿಗೆಯ ಗೋಡೆಯನ್ನು ಮೇಲಿನಿಂದ ಸಾಲು ಸಾಲಾಗಿ ತೆಗೆದ. ಹಳೆಯ ಸುಣ್ಣದ ಗಾರೆ ಇಟ್ಟಿಗೆಯನ್ನು ಬಿಡುತ್ತಲೇ ಇರಲಿಲ್ಲ. ಸುಟ್ಟ ಮಣ್ಣು ಇಷ್ಟು ಹಟ ಮಾಡುವುದನ್ನು ಅವನು ಎಣಿಸಿರಲಿಲ್ಲ. ಹತ್ತನೆಯ ದಿನ ತುದಿಯ ದಪ್ಪ ಕಂಬವನ್ನೂ ಐದನೆಯ ಕಮಾನನ್ನೂ ಇಳಿಸಿದ. ಹನ್ನೆರಡನೆಯ ದಿನ ನಾಲ್ಕನೆಯದು. ಕಮಾನಿನ ಇಟ್ಟಿಗೆಗಳ ಬದಿಯಲ್ಲಿ ಗೀಟುಗಳಿದ್ದದ್ದನ್ನು ಒಬ್ಬ ಆಳು ತೋರಿಸಿದಾಗ, ಸುಡುವಾಗ ಬಿದ್ದ ಗುರುತಿರಬೇಕು ಎಂದು ಹೇಳಿ ರಾಶಿಗೆ ಹಾಕಿಸಿದ.

ಆ ಸಂಜೆ ಆಳುಗಳು ಸಲಕರಣೆ ತೊಳೆಯುತ್ತಿದ್ದಾಗ ಬೋಜಪ್ಪ ಅಂಗಳದಲ್ಲಿ ನಿಂತು ವೀಳ್ಯ ಹಾಕುತ್ತ ಮೇಲೆ ನೋಡಿದ. ಅಣ್ಣನ ಭಾಗದ ಕೊನೆಯದು, ಅಂದರೆ ಮೂರನೆಯ ಕಮಾನು, ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬೆಳಿಗ್ಗೆ ಅದು ಇರಲಿಲ್ಲ. ಅವನು ಏಣಿ ಹಾಕಿ ಹತ್ತಿ, ಅದು ಬೆಳೆಯುತ್ತದೋ ಎಂದು ತಿಳಿಯಲು ಬಿರುಕಿಗೆ ಅಡ್ಡವಾಗಿ ನಾಲ್ಕು ಬೆರಳಷ್ಟು ಅಗಲದ ಮಣ್ಣು ಮೆತ್ತಿ ಇಳಿದ. ಮರುದಿನ ಮೊದಲ ಬಸ್ಸಿಗೇ ಬಂದು ನೋಡಿದರೆ ಒಣಗಿದ ಮಣ್ಣು ಎರಡು ಹೋಳಾಗಿತ್ತು. ತೂಗುಗುಂಡು ಇಳಿಬಿಟ್ಟ. ಕಮಾನನ್ನು ಹೊತ್ತ ತೆಳು ಕಂಬ ತಮ್ಮನ ಜಾಗದ ಕಡೆಗೆ ಒಂದು ಬೆರಳು ವಾಲಿತ್ತು.

ಅಲ್ಲಿಯೇ ಅವನಿಗೆ ಹೊಳೆಯಿತು. ಐದು ಕಮಾನುಗಳೂ ಒಂದನ್ನೊಂದು ಒತ್ತಿಕೊಂಡು ನಿಂತಿದ್ದವು. ಆ ಒತ್ತನ್ನು ಕೊನೆಗೆ ತಡೆಯುವುದಕ್ಕೆಂದೇ ತುದಿಯಲ್ಲಿ ಅಷ್ಟು ದಪ್ಪದ ಕಂಬ. ಅದನ್ನು ಮೂರು ದಿನ ಮೊದಲು ಅವನೇ ನಿಂತು ತೆಗೆಸಿದ್ದ. ಮೂವತ್ತು ವರ್ಷದ ಕೆಲಸದಲ್ಲಿ ಅವನು ಕಟ್ಟಿದ ಒಂದು ಗೋಡೆಯೂ ಬಿದ್ದಿರಲಿಲ್ಲ. ಈಗ ಬೇರೆ ಯಾರೋ ಕಟ್ಟಿದ್ದು ಅವನ ಕೈಯಿಂದ ಬೀಳುವುದರಲ್ಲಿತ್ತು.

ಅವನು ಮೊದಲು ಮಾಡಿದ ಕೆಲಸ, ವಕೀಲನ ಹೆಂಡತಿ ಮನೋರಮೆಯನ್ನು ಕರೆದು, ಮಕ್ಕಳೊಂದಿಗೆ ಹಿಂದಿನ ಕೋಣೆಗೆ ಹೋಗಬೇಕೆಂದೂ ಜಗಲಿಗೂ ಮಾಳಿಗೆಯ ಎದುರು ಕೋಣೆಗೂ ಯಾರೂ ಕಾಲಿಡಬಾರದೆಂದೂ ಹೇಳಿದ್ದು. ಎರಡನೆಯದು, ತನಗೆ ಗೊತ್ತಿದ್ದ ಕೆಲಸ. ಕೇರಿಯಲ್ಲೊಬ್ಬರು ಬಾವಿಕಟ್ಟೆಗೆ ತರಿಸಿಟ್ಟಿದ್ದ ಮುರಕಲ್ಲನ್ನು ಕೇಳಿ ಹೊರಿಸಿಕೊಂಡು ಬಂದು, ಮೂರನೆಯ ಕಮಾನಿನ ಬಾಯಿಯನ್ನು ನೆಲದಿಂದ ನೆತ್ತಿಯವರೆಗೆ ಗಾರೆಯಿಲ್ಲದೆ ಕಲ್ಲು ಪೇರಿಸಿ ಮುಚ್ಚಿದ. ಕಂಬದ ಹೊರಗಡೆಗೆ, ಇಳಿಸಿಟ್ಟಿದ್ದ ಹಲಸಿನ ತೊಲೆಗಳನ್ನು ಓರೆಯಾಗಿ ಊರಿ ಆಧಾರ ಕೊಟ್ಟ. ಸಂಜೆಯ ಹೊತ್ತಿಗೆ ಕಮಾನು ನಿಂತಿತು. ಬಿರುಕು ಮುಂದೆ ಹೋಗಲಿಲ್ಲ.

ಮಹಾಗಣಪತಿ ಕೋರ್ಟಿನಿಂದ ಬಂದು ನೋಡಿದಾಗ ಅವನ ಜಗಲಿಯ ಮೂರನೆಯ ಒಂದು ಭಾಗ ಮುಚ್ಚಿಹೋಗಿತ್ತು. ಹೆಂಡತಿ ಮಕ್ಕಳು ಅಡುಗೆ ಕೋಣೆಯ ಪಕ್ಕ ಚಾಪೆ ಹಾಸಿಕೊಂಡು ಕೂತಿದ್ದರು. ತನ್ನನ್ನು ಮನೆಯಿಂದ ಹೊರಡಿಸಲು ತಮ್ಮ ಹೂಡಿದ ಉಪಾಯ ಇದು ಎಂದು ಅವನಿಗೆ ಖಾತ್ರಿಯಾಯಿತು. ನಾಳೆಯೇ ನೋಟೀಸು ಕೊಡುತ್ತೇನೆ, ಮಂಗಳೂರಿನ ಕೋರ್ಟಿಗಾದರೂ ಹೋಗುತ್ತೇನೆ ಎಂದು ಹೇಳುತ್ತ ಕಾಗದ ಪೆನ್ನು ತೆಗೆದುಕೊಂಡು ಕೂತೇಬಿಟ್ಟ. ಬೋಜಪ್ಪ ಮೆಟ್ಟಲಿನ ಹತ್ತಿರ ನಿಂತಿದ್ದ. ಅವನು ಸುಮ್ಮನಿದ್ದಿದ್ದರೆ ತಪ್ಪು ಯಜ್ಞೇಶ್ವರನ ತಲೆಯ ಮೇಲೆ ಹೋಗುತ್ತಿತ್ತು, ಮೇಸ್ತ್ರಿಗೇನೂ ಆಗುತ್ತಿರಲಿಲ್ಲ.

"ನೋಟೀಸಿನಲ್ಲಿ ನನ್ನ ಹೆಸರು ಬರೀರಿ ವಕೀಲ್ರೆ," ಎಂದ. "ನಿಮ್ಮ ತಮ್ಮನದ್ದು ಇದರಲ್ಲಿ ಎಂತದೂ ಇಲ್ಲ. ಅವರು ತೆಗಿ ಅಂದರು, ಹೇಗೆ ತೆಗಿಯುದು ಅಂತ ನೋಡಬೇಕಾದವ ನಾನು. ನನಗೆ ಇಟ್ಟಿಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳದೆ ಕೈ ಹಾಕಿದೆ."

ಮಹಾಗಣಪತಿ ಕಾಗದದಿಂದ ತಲೆಯೆತ್ತಿದ. ಕಟಕಟೆಯಲ್ಲಿ ನಿಂತವರನ್ನು ಇಪ್ಪತ್ತು ವರ್ಷ ಪ್ರಶ್ನೆ ಕೇಳಿದವನು ಅವನು. ತನ್ನ ತಪ್ಪನ್ನು ಕೇಳುವ ಮೊದಲೇ ಹೇಳಿದವರನ್ನು ಹೆಚ್ಚು ಕಂಡಿರಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ, ಇನ್ನು ಎಂತ ಮಾಡುದು ಎಂದು ಕೇಳಿದ. ಬೋಜಪ್ಪ ನಾಲ್ಕು ದಿನದ ಅವಕಾಶ ಕೇಳಿದ.

ಆ ನಾಲ್ಕು ದಿನ ಅವನು ಆಳುಗಳಿಗೆ ರಜೆ ಕೊಟ್ಟು, ರಾಶಿಯ ಮುಂದೆ ಒಬ್ಬನೇ ಕೂತ. ಕಮಾನಿನ ಇಟ್ಟಿಗೆಗಳನ್ನು ಹುಡುಕಿ ಹುಡುಕಿ ಬೇರೆ ಇಟ್ಟ. ಅವು ಉಳಿದವುಗಳಂತಿರಲಿಲ್ಲ. ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ಪ್ರತಿಯೊಂದನ್ನೂ ಯಾರೋ ಕಲ್ಲಿನ ಮೇಲೆ ಕೈಯಿಂದ ಉಜ್ಜಿ ಸಪೂರ ಮಾಡಿದ್ದರು. ಗೀಟುಗಳು ಸುಡುವಾಗ ಬಿದ್ದವಲ್ಲ, ಲೆಕ್ಕದ ಗುರುತುಗಳು. ಐದಕ್ಕೊಂದು ಓರೆ ಗೆರೆ. ಎಡಕ್ಕೆ ಒಂದರಿಂದ ಹದಿನೈದು, ಬಲಕ್ಕೆ ಒಂದರಿಂದ ಹದಿನೈದು, ನೆತ್ತಿಯದಕ್ಕೆ ಒಂದು ಅಡ್ಡಗೆರೆ. ಅಂಗಳದ ನೆಲದ ಮೇಲೆ ಮಲಗಿಸಿ ಜೋಡಿಸಿದರೆ ನಾಲ್ಕನೆಯ ಕಮಾನು ಹಾಗೆಯೇ ಬಂತು. ಅದನ್ನು ಬಿಚ್ಚಿದ, ಮತ್ತೆ ಜೋಡಿಸಿದ. ಮೂರನೆಯ ದಿನ ಗುರುತು ನೋಡದೆ, ಬೆರಳಿನಲ್ಲಿ ಸವರಿ ನೋಡಿಯೇ ಯಾವುದು ಎಲ್ಲಿಗೆಂದು ಹೇಳುವಷ್ಟಾದ. ಊಟಕ್ಕೆ ಬುತ್ತಿ ತಂದ ಹೆಂಡತಿ ದೇಯಿ, ಇದೆಂತ ಮಕ್ಕಳಾಟ ಎಂದು ಕೇಳಿದಾಗ ಅವನು ನಗಲಿಲ್ಲ. ಕಲಿಯದೆ ಕೆಲಸಕ್ಕೆ ಹೋದವ ಈಗ ಕಲಿಯಬೇಕಲ್ಲ ಎಂದನಂತೆ.

ಐದನೆಯ ದಿನ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರನ್ನೂ ಕರೆಸಿದ. ಅಣ್ಣ ಜಗಲಿಯಲ್ಲಿ ನಿಂತ, ತಮ್ಮ ತನ್ನ ಖಾಲಿ ಜಾಗದಲ್ಲಿ. ಬೋಜಪ್ಪ ನಡುವೆ ಅಂಗಳದಲ್ಲಿ ಎರಡು ಮುರಕಲ್ಲು ಇಟ್ಟು, ಜಾರದಂತೆ ಅವುಗಳ ಹಿಂದೆ ಒಂದೊಂದು ಗೂಟ ಹೊಡೆದಿದ್ದ. ಕಲ್ಲುಗಳ ನಡುವೆ ಹೊಯಿಗೆಯ, ಅಂದರೆ ಮರಳಿನ, ಗುಡ್ಡೆ, ಅದರ ಮೇಲೆ ಕಮಾನಿನ ನಡುವಿನ ಹದಿನೈದು ಇಟ್ಟಿಗೆ. ಹೊಯಿಗೆಯನ್ನು ಕೈಯಿಂದ ಗೋರಿ ತೆಗೆದ. ಸಣ್ಣ ಕಮಾನು ಗಾಳಿಯಲ್ಲಿ ನಿಂತಿತು. ಆಮೇಲೆ ಅವನು ದಕ್ಷಿಣದ ಗೂಟವನ್ನು ಕಿತ್ತ. ಕಲ್ಲು ಒಂದು ಗೇಣು ಹಿಂದೆ ಜಾರಿತು, ಇಟ್ಟಿಗೆಗಳು ದಡದಡನೆ ಬಿದ್ದವು.

ಯಜ್ಞೇಶ್ವರನಿಗೆ ತಾಳ್ಮೆ ಇರಲಿಲ್ಲ. ಅವನ ಸಿಮೆಂಟಿನ ಚೀಲಗಳು ಬಂದು ಬಿದ್ದಿದ್ದವು, ಮಂಗಳೂರಿನ ಕಂಟ್ರಾಕ್ಟರನು ಎರಡು ಸಲ ಹೇಳಿ ಕಳಿಸಿದ್ದ. ಅಣ್ಣನ ಕಮಾನನ್ನು ಅಣ್ಣನ ಜಾಗದಲ್ಲಿ ಹೇಗಾದರೂ ನಿಲ್ಲಿಸಿಕೊಳ್ಳಲಿ, ತನ್ನ ಕೆಲಸ ಯಾಕೆ ನಿಲ್ಲಬೇಕು ಎಂದು ಅವನು ಕೇಳಿದ. ಬೋಜಪ್ಪ ಇಟ್ಟಿಗೆಗಳನ್ನು ಇನ್ನೊಮ್ಮೆ ಹೊಯಿಗೆಯ ಮೇಲೆ ಜೋಡಿಸಿದ. ಗೂಟ ಹೊಡೆಯುವ ಬದಲು ಯಜ್ಞೇಶ್ವರನನ್ನು ಕರೆದು, ಕಲ್ಲಿನ ಹಿಂದೆ ಕಾಲು ಒತ್ತಿ ನಿಲ್ಲಲು ಹೇಳಿದ. ಅಂಗಡಿಯ ಯಜಮಾನ ಚಪ್ಪಲಿ ಕಳಚಿ, ಪಂಚೆ ಎತ್ತಿ ಕಟ್ಟಿ, ಕಾಲು ಕೊಟ್ಟ. ಬೋಜಪ್ಪ ಹೊಯಿಗೆ ತೆಗೆಯುತ್ತ ಹೋದಂತೆ ಅವನ ಮುಖ ಬದಲಾಯಿತು.

"ಒತ್ತುತ್ತಾ ಉಂಟು," ಎಂದ.

"ಹದಿನೈದು ಇಟ್ಟಿಗೆಗೆ ಇಷ್ಟು," ಎಂದ ಬೋಜಪ್ಪ. "ಅಲ್ಲಿ ಮೇಲೆ ಇಡೀ ಮಾಳಿಗೆ ಉಂಟು. ಅಲ್ಲಿ ಯಾರ ಕಾಲು ಇಡುದು ಹೇಳಿ."

ಅಣ್ಣನ ಜಾಗದಲ್ಲಿ ಕಂಬ ದಪ್ಪ ಮಾಡಿದರೆ ಆಗುವುದಿಲ್ಲವೇ ಎಂದು ಯಜ್ಞೇಶ್ವರ ಕಾಲು ತೆಗೆಯದೆಯೇ ಕೇಳಿದ. ಒತ್ತು ಹೊರಗೆ ಬರುತ್ತದೆ, ತಡೆಯುವವನು ಹೊರಗೇ ನಿಲ್ಲಬೇಕು ಎಂದ ಬೋಜಪ್ಪ. ಎಷ್ಟು ಜಾಗ ಬೇಕು ಎಂಬ ಪ್ರಶ್ನೆಗೆ ಒಂದೂವರೆ ಮೊಳ ಎಂದು ತೋರಿಸಿದ. ಜಗಲಿಯಲ್ಲಿದ್ದ ಮಹಾಗಣಪತಿ ಆಗ ಇಳಿದು ಬಂದು, ಕಂಬ ಎಬ್ಬಿಸುವುದಾದರೆ ಅದಕ್ಕೆ ಬದಲು ಒಂದೂವರೆ ಮೊಳವನ್ನು ಹಿಂದಿನ ಬಾವಿಯ ಬದಿಯಲ್ಲಿ ಬಿಟ್ಟುಕೊಡುತ್ತೇನೆ ಎಂದ. ಎಂಟು ತಿಂಗಳಲ್ಲಿ ತಮ್ಮನ ಮುಖ ನೋಡಿ ಅವನು ಆಡಿದ ಮೊದಲ ಮಾತು ಅದು. ಕಂಬ ಎಬ್ಬಿಸಲಿ, ಬಾವಿಯ ಬದಿಯದ್ದು ಬೇಡ, ನೀನೇ ಇಟ್ಟುಕೋ ಎಂದು ಯಜ್ಞೇಶ್ವರ ಹೇಳಿದ. ಅಷ್ಟರಿಂದ ಅವರು ಹಿಂದಿನಂತೆ ಆದರು ಎಂದೇನೂ ಅಲ್ಲ. ಆದರೆ ಮುಂದೆ ನೀರಿನ ವಿಷಯ, ಬೇಲಿಯ ವಿಷಯ ಬಂದಾಗ ಕಾಗದದಲ್ಲಿ ಬರೆಯದೆ ಬಾಯಲ್ಲಿ ಹೇಳಿಕೊಳ್ಳುವಷ್ಟಾಯಿತು.

ಇನ್ನು ಗಾರೆಯ ಪ್ರಶ್ನೆ. ಮಂಗಳೂರಿನ ಕಂಟ್ರಾಕ್ಟರ ಸಿಮೆಂಟು ಹಾಕಿ ಮುಗಿಸೆಂದ. ಬೋಜಪ್ಪನಿಗೆ ಮನಸ್ಸು ಒಪ್ಪಲಿಲ್ಲ. ಅರುವತ್ತು ವರ್ಷ ಸುಣ್ಣದಲ್ಲಿ ಕೂತ ಇಟ್ಟಿಗೆಯ ಪಕ್ಕ ಬೇರೆ ಗುಣದ ಗಾರೆ ಇಟ್ಟರೆ ಎರಡೂ ಬೇರೆ ಬೇರೆಯಾಗಿ ಕೂತು ಮತ್ತೆ ಬಿರುಕು ಬಿಡಬಹುದೆಂದು ಅವನ ಹೆದರಿಕೆ. ಆದರೆ ಹಳೆಯ ಗಾರೆ ಅರೆಯುವುದು ಗೊತ್ತಿದ್ದವರು ಯಾರೂ ಸಿಕ್ಕಲಿಲ್ಲ. ಕೊನೆಗೆ ಸೋಮವಾರದ ಸಂತೆಯಲ್ಲಿ, ವೀಳ್ಯದ ಸುಣ್ಣ ಮಾರುತ್ತಿದ್ದ ಪಾತು ಎಂಬ ಬ್ಯಾರಿ ಹೆಂಗಸನ್ನು ಕೇಳಿದ. ಅವಳ ಗಂಡನ ಮನೆಯವರು ಹೊಳೆಯ ಮರುವಾಯಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದವರು. ಅತ್ತೆ ಮಸೀದಿಯೊಂದಕ್ಕೆ ಗಾರೆ ಅರೆದದ್ದನ್ನು ಪಾತು ಮದುವೆಯಾದ ಹೊಸತರಲ್ಲಿ ನೋಡಿದ್ದಳು, ಕೈಯೂ ಹಾಕಿದ್ದಳು. ಅವಳು ಮೂಟೆ ಕಟ್ಟಿಕೊಂಡು ಬಂದು, ಗುಂಡಿ ತೆಗೆಸಿ, ಸುಣ್ಣವನ್ನು ಹದಿನೈದು ದಿನ ನೀರಿನಲ್ಲಿ ಕೊಳೆಯಲು ಬಿಟ್ಟಳು.

ಬೋಜಪ್ಪನಿಗೆ ಅವಸರ. ಏಳನೆಯ ದಿನವೇ ಗುಂಡಿಗೆ ಕೈ ಹಾಕಲು ಹೋದಾಗ ಪಾತು ತಡೆದಳು. "ಆಗ್ಲಿಲ್ಲ ಮೇಸ್ತ್ರಿ. ಈಗ ತೆಗೆದರೆ ಗೋಡೆಯೊಳಗೆ ಕೂತು ಅರಳುತ್ತದೆ, ನಿಮ್ಮ ಇಟ್ಟಿಗೆ ಒಡೀತದೆ. ಸುಣ್ಣ ಸುಮ್ಮನೆ ಆಗುವ ತನಕ ಕಾಯ್ಬೇಕು." ಅವನು ಕಾದ. ಹದಿನೈದು ದಿನ ಕಳೆದ ಮೇಲೆ ಹೊಯಿಗೆ ಸೇರಿಸಿ, ಬೆಲ್ಲದ ನೀರು ಹಾಕಿ, ಪಾತು ಮತ್ತು ಇಬ್ಬರು ಹೆಂಗಸರು ಅದನ್ನು ಕಲ್ಲಿನಲ್ಲಿ ಅರೆದರು. ಬೆಣ್ಣೆಯ ಹಾಗೆ ಕರಣೆಯಿಂದ ಇಳಿಯಿತು.

ಕಂಬಕ್ಕೆ ಅಡಿಪಾಯ ತೋಡಿದಾಗ ಬೋಜಪ್ಪ ಇನ್ನೊಂದು ಕಂಡ. ಇಟ್ಟಿಗೆ ಮನೆ ಎನ್ನುತ್ತಿದ್ದ ಆ ಮನೆಯ ಬುಡ ಪೂರ್ತಿ ಮುರಕಲ್ಲಿನದು. ನೆಲದಿಂದ ಆಳುದ್ದ ಕೆಳಗಿನವರೆಗೆ ದೊಡ್ಡ ದೊಡ್ಡ ಕಲ್ಲುಗಳನ್ನು ಕೆತ್ತಿ ಕೂರಿಸಿದ್ದರು, ಸಂದಿಯಲ್ಲಿ ಕತ್ತಿಯ ಅಲಗೂ ಹೋಗುವಂತಿರಲಿಲ್ಲ. ಅವನು ಗುಂಡಿಯಲ್ಲಿ ಕೂತು ಅಂಗೈಯಿಂದ ಆ ಕಲ್ಲನ್ನು ಒರೆಸಿದ. ಕಟ್ಟಿದವನು ಎಲ್ಲಿಂದ ಬಂದವನಾದರೂ ಈ ಊರಿನ ಕಲ್ಲನ್ನು ಅರಿತವನು ಎಂದು ತಿಳಿದು ಅವನಿಗೆ ಬಹಳ ಸಂತೋಷವಾಯಿತು. ಆ ದಿನ ಆಳುಗಳಿಗೆಲ್ಲ ಚಾ ಕುಡಿಸಿದ.

ಹೊಸ ಕಂಬವನ್ನು ಹಳೆಯ ಇಟ್ಟಿಗೆಯಿಂದಲೇ ಎಬ್ಬಿಸಿದ, ಕೆಳಗೆ ಅಗಲ, ಮೇಲೆ ಹೋದಂತೆ ಮೆಟ್ಟಲು ಮೆಟ್ಟಲಾಗಿ ಕಿರಿದು. ಸುಣ್ಣ ಗಟ್ಟಿಯಾಗಲು ಇಪ್ಪತ್ತೆಂಟು ದಿನ ಬಿಟ್ಟ. ಫೆಬ್ರವರಿಯ ಒಂದು ಮುಂಜಾನೆ ತೊಲೆಗಳನ್ನು ಒಂದೊಂದಾಗಿ ಸರಿಸಿ, ಕಮಾನಿನ ಬಾಯಿಯ ಕಲ್ಲುಗಳನ್ನು ಇಳಿಸಿದ. ಎಲ್ಲರೂ ಅಂಗಳದಲ್ಲಿ ದೂರ ನಿಂತಿದ್ದರು. ಬೋಜಪ್ಪ ಹೊಸದಾಗಿ ಮಣ್ಣು ಮೆತ್ತಿ ಮೂರು ದಿನ ಕಾದ. ಮಣ್ಣು ಸೀಳಲಿಲ್ಲ. ನಾಲ್ಕನೆಯ ದಿನ ಮನೋರಮೆ ಜಗಲಿಯನ್ನು ಗುಡಿಸಿ, ಒಳಗಿನಿಂದ ಬೆಂಚು ತಂದು ಹಾಕಿದಳು. ಆ ವರ್ಷದ ಮಳೆಗಾಲದ ಮೊದಲೇ ಪಕ್ಕದಲ್ಲಿ ಯಜ್ಞೇಶ್ವರನ ಸಿಮೆಂಟಿನ ಮನೆ ಎದ್ದಿತು.

ಸರಕಾರಿ ಕಟ್ಟಡಗಳ ಒಬ್ಬ ಇಂಜಿನಿಯರರು ಕೋರ್ಟಿಗೆ ಬಂದಿದ್ದಾಗ ಈ ಅರ್ಧ ಮನೆಯನ್ನು ನೋಡಿ, ಇಂಥ ಕೆಲಸ ಈ ಕಡೆ ಕಂಡಿಲ್ಲ, ಕಟ್ಟಿದವನು ನೀನೇ ಏನು ಎಂದು ಬೋಜಪ್ಪನನ್ನು ಕೇಳಿದರಂತೆ. "ಕಟ್ಟಿದವನ ಹೆಸರು ಯಾರಿಗೂ ಗೊತ್ತಿಲ್ಲ. ನಾನು ಕೆಡವಿದವ," ಎಂದ ಬೋಜಪ್ಪ. ಅವರು ನಕ್ಕರು, ಅವನು ನಗಲಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಕಮಾನಿನ ಕೆಲಸಗಳು ಹುಡುಕಿಕೊಂಡು ಬಂದವು. ಈಶ್ವರಮಂಗಲದಲ್ಲಿ ಒಂದು ಮನೆಯ ಹೆಬ್ಬಾಗಿಲು, ಸುಳ್ಯದಲ್ಲಿ ಒಂದು ಅಂಗಡಿಯ ಎದುರು ಮುಖ, ಇನ್ನೂ ನಾಲ್ಕೈದು. ಮುರಕಲ್ಲನ್ನು ಅವನು ಬಿಡಲಿಲ್ಲ. ಆದರೆ ಒಪ್ಪಿಕೊಳ್ಳುವ ಮೊದಲು ಜಾಗಕ್ಕೆ ಹೋಗಿ ಸುತ್ತ ನಡೆದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದ. ಹಾಗೆ ಹೇಳಿ ಎರಡು ಕೆಲಸ ಕಳೆದುಕೊಂಡದ್ದೂ ಉಂಟು.

ಕೊನೆಯ ದೊಡ್ಡ ಕೆಲಸ 1966ರಲ್ಲಿ, ಇಚಿಲಂಪಾಡಿಯಲ್ಲಿ. ಕೇರಳದಿಂದ ಬಂದು ರಬ್ಬರು ಹಾಕಿದ್ದ ಹನ್ನೆರಡು ಕ್ರಿಶ್ಚನ್ ಕುಟುಂಬಗಳು ಸೇರಿ ಒಂದು ಪ್ರಾರ್ಥನೆಯ ಮನೆ ಕಟ್ಟಿಸಲು ಹೊರಟಿದ್ದವು. ಅವರಲ್ಲಿ ಜೋಯಿ ಎಂಬವನಿಗೆ ಊರಿನಲ್ಲಿ ಬಿಟ್ಟು ಬಂದ ಇಗರ್ಜಿಯ ಹಾಗೆ ಒಳಗೆ ಒಂದು ದೊಡ್ಡ ಕಮಾನು ಬೇಕೆಂದು ಹಂಬಲ. ಬೋಜಪ್ಪನಿಗೆ ಆಗ ಐವತ್ತಾರು, ಎಡಗಣ್ಣು ಮಂಜಾಗಲು ತೊಡಗಿತ್ತು. ಅವನು ಹೋಗಿ ನೋಡಿ, ಕಮಾನಿನ ಎರಡು ಬದಿಗೂ ಗೋಡೆ ಇಷ್ಟು ದಪ್ಪ ಇರಬೇಕು, ಅದಕ್ಕೆ ಮುರಕಲ್ಲು ಬೇಕು ಎಂದ. ಅವರು ಒಪ್ಪಿದರು. ಇಟ್ಟಿಗೆಗಳನ್ನು ಜೋಯಿಯ ತಾಯಿ ಅಗ್ನಸ್ ಮತ್ತು ಉಳಿದ ಹೆಂಗಸರು ಪ್ರಾರ್ಥನೆ ಮುಗಿದ ಮೇಲೆ ಸಾಲಾಗಿ ಕೂತು ಕಲ್ಲಿನ ಮೇಲೆ ಉಜ್ಜಿ ಕೊಟ್ಟರು. ಬೋಜಪ್ಪ ಪ್ರತಿಯೊಂದನ್ನೂ ಸವರಿ ನೋಡಿ ಗೀಟು ಹಾಕಿದ.

ಕಟ್ಟುವಾಗ ಇಟ್ಟಿಗೆಗಳನ್ನು ಹೊತ್ತಿದ್ದ ಮರದ ಅಚ್ಚನ್ನು ತೆಗೆಯುವ ದಿನ ಬೋಜಪ್ಪ ಆಳುಗಳನ್ನು ಬಿಟ್ಟು ಉಳಿದವರನ್ನೆಲ್ಲ ಹೊರಗೆ ಕಳಿಸಿ, ತಾನು ಕಮಾನಿನ ಅಡಿಯಲ್ಲಿ ನಿಂತ. ಜೋಯಿಯೂ ಹೊರಗೆ ಹೋಗದೆ ಅವನ ಪಕ್ಕದಲ್ಲಿ ಬಂದು ನಿಂತ. ಆಳುಗಳು ಬೆಣೆ ಸಡಿಲಿಸಿದರು. ಅಚ್ಚು ಎರಡು ಬೆರಳು ಕೆಳಗಿಳಿಯಿತು, ಕಮಾನು ಮೇಲೆಯೇ ಉಳಿಯಿತು. ಒಂದಿಷ್ಟು ಸುಣ್ಣದ ಹುಡಿ ಅವರಿಬ್ಬರ ತಲೆಯ ಮೇಲೆ ಉದುರಿತು, ಅಷ್ಟೆ. ಹೊರಗಿದ್ದವರು ಒಳಗೆ ಬಂದು ಮೇಲೆ ನೋಡುತ್ತ ನಿಂತರು. ಅಗ್ನಸ್ ಇದು ಎಷ್ಟು ಕಾಲ ನಿಲ್ಲುತ್ತದೆಂದು ಮಲೆಯಾಳದಲ್ಲಿ ಕೇಳಿದಳು, ಜೋಯಿ ಕನ್ನಡದಲ್ಲಿ ಹೇಳಿದ.

"ನಮ್ಮ ಮಕ್ಕಳ ಮಕ್ಕಳ ಕಾಲಕ್ಕೂ ನಿಲ್ಲುತ್ತದೆ," ಎಂದ ಬೋಜಪ್ಪ. "ಆದರೆ ಒಂದು ಉಂಟು. ಮುಂದೆ ಯಾರಾದರೂ ಕೋಣೆ ದೊಡ್ಡದು ಮಾಡ್ಲಿಕ್ಕೆ ಅಂತ ಈ ಬದಿಯ ಗೋಡೆ ತೆಗಿಯಬಾರದು. ಅದನ್ನು ಎಲ್ಲಿಯಾದರೂ ಬರೆದಿಡಿ."

ಜೋಯಿ ಪ್ರಾರ್ಥನೆಯ ಮನೆಯ ದಾಖಲೆ ಪುಸ್ತಕ ತಂದು, ಮೊದಲ ಪುಟದಲ್ಲಿ ಮಲೆಯಾಳದಲ್ಲಿ ಬರೆದ. ಕೆಳಗೆ ತನಗೆ ಬಂದಷ್ಟು ಕನ್ನಡದಲ್ಲಿಯೂ ಬರೆದ. ಬೋಜಪ್ಪನಿಗೆ ಎರಡೂ ಓದಲು ಬರುತ್ತಿರಲಿಲ್ಲ. ಜೋಯಿ ಗಟ್ಟಿಯಾಗಿ ಓದಿ ಹೇಳಿದ. ಬೋಜಪ್ಪ ಇನ್ನೊಮ್ಮೆ ಓದಿಸಿದ, ಗೋಡೆಯ ದಪ್ಪ ಎಷ್ಟೆಂಬುದನ್ನೂ ಸೇರಿಸಲು ಹೇಳಿದ. ಆಮೇಲೆ ಸವಣೂರಿನ ಬಸ್ಸಿಗೆ ಹೊತ್ತಾಯಿತೆಂದು ಕೈಕಾಲು ತೊಳೆಯಲು ಹೋದ.